ಬಿಡಿಸಿಕೊಂಡ ಕೈ

“ಅಮ್ಮಾ, ನಾನು ಆಕೆಗೆ ಹೇಳಿದ್ದು ನಿಜವನ್ನೇ. ಆದರೂ ಆಕೆ ಮತ್ತೆ ಬರಲಿಲ್ಲ. ಏಕೆ?”

ಕೇಳಿದವನು ಸಿದ್ರಾಮ. ಮನಸ್ಸಿಗೆ ಪೆಟ್ಟು ಬಿದ್ದವರಿಗೆ ಚಿಕಿತ್ಸೆ ಕೊಡುವ ವಿದ್ಯೆಯನ್ನು ಓದಿ ಮುಗಿಸಿ, ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕನಾಗಿ ಕೆಲಸಕ್ಕೆ ಸೇರಿದ್ದ. ಅವನಂಥ ಕೆಲವರು ತಿಂಗಳಿಗೊಮ್ಮೆ ನೀಲಾಂಬಿಕೆಯವರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದರು. ನೀಲಾಂಬಿಕೆ ಬಹಳ ವರ್ಷ ಆ ಕೆಲಸವನ್ನೇ ಮಾಡಿದವರು. ಈಗ ಆ ಕೆಲಸ ಮಾಡುವವರಿಗೆ ಕಲಿಸುತ್ತಿದ್ದರು. ಶಿಷ್ಯರೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

“ಏನು ಹೇಳಿದೆ?” ಎಂದು ಅವರು ಕೇಳಿದರು.

ಸಿದ್ರಾಮ ನಡೆದದ್ದನ್ನು ಹೇಳಿದ. ಒಬ್ಬ ತಾಯಿ ಅವನ ಬಳಿಗೆ ಬಂದಿದ್ದಳು. ನಲ್ಲಿಯಲ್ಲಿ ನೀರು ಬಂತೆಂದು ಆಕೆ ಮಗುವನ್ನು ಒಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ, ಕೊಡ ಹಿಡಿದು ಹೋಗಿದ್ದಳು. ಅಷ್ಟರಲ್ಲಿ ಮನೆಗೆ ಬೆಂಕಿ ಹತ್ತಿತು. ಮಗು ಉಳಿಯಲಿಲ್ಲ. “ಚಿಲಕ ಹಾಕಿದ್ದು ನಾನೇ” ಎಂದು ಆಕೆ ಮಾತು ಶುರು ಮಾಡಿದಳು. ಸಿದ್ರಾಮ ಆಕೆಯನ್ನು ಅಲ್ಲಿಗೇ ತಡೆದು, “ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ” ಎಂದ. ಆಕೆ ತಲೆಯಾಡಿಸಿದಳು. ಕೈಮುಗಿದಳು. ಎದ್ದು ಹೋದಳು.

“ಆಕೆಯ ತಪ್ಪು ನಿಜವಾಗಿಯೂ ಇರಲಿಲ್ಲ ಅಮ್ಮಾ. ನಾನು ಸುಮ್ಮನೆ ಸಮಾಧಾನಕ್ಕೆಂದು ಆಡಿದ ಮಾತಲ್ಲ ಅದು.”

“ಸುಳ್ಳಾಡಿದೆ ಎಂದು ನಾನೂ ಹೇಳುವುದಿಲ್ಲ. ಒಬ್ಬ ಅಂಬಿಗನ ಕತೆ ಹೇಳುತ್ತೇನೆ, ಕೇಳು” ಎಂದರು ನೀಲಾಂಬಿಕೆ. ಉಳಿದವರೂ ಹತ್ತಿರ ಸರಿದು ಕೂತರು.

*

ಒಂದು ದೊಡ್ಡ ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ಹೊಳೆಗೆ ಆಗ ಸೇತುವೆ ಇರಲಿಲ್ಲ. ಆಚೆ ಹೋಗಬೇಕಾದವರು ಹರಿಗೋಲಿನಲ್ಲಿ ಕೂತು ದಾಟಬೇಕಿತ್ತು. ಹರಿಗೋಲು ನಡೆಸುತ್ತಿದ್ದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ಹುಲಗಪ್ಪ, ತಮ್ಮ ದ್ಯಾವಪ್ಪ. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದವನು ಅಣ್ಣನೇ. ನೀರಿಗಿಳಿಸಿ ಈಜು ಕಲಿಸಿದವನೂ ಅವನೇ. ತಾನು ಮದುವೆಯಾಗಲಿಲ್ಲ, ತಮ್ಮನಿಗೆ ಮದುವೆ ಮಾಡಿದ. ತಮ್ಮನ ಹೆಂಡತಿಯ ಹೆಸರು ಫಕೀರವ್ವ. ಮೂವರೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು.

ಒಂದು ಮಳೆಗಾಲ ಹೊಳೆ ತುಂಬಿತ್ತು. ಹರಿಗೋಲು ಬಿಡಬಾರದಷ್ಟು ನೀರೇನಲ್ಲ. ಅಂಥ ನೀರಿನಲ್ಲಿ ಅವರು ಎಷ್ಟೋ ಸಲ ದಾಟಿದ್ದರು. ಆದರೆ ಆ ದಿನ ನಡುಹೊಳೆಯಲ್ಲಿ ಬುಡಸಮೇತ ತೇಲಿಬಂದ ಮರವೊಂದು ಹರಿಗೋಲಿಗೆ ಬಡಿಯಿತು. ಹರಿಗೋಲು ಬೋರಲಾಯಿತು. ಕೂತಿದ್ದವರೆಲ್ಲ ನೀರಿಗೆ ಬಿದ್ದರು.

ಹುಲಗಪ್ಪ ಕೈಗೆ ಸಿಕ್ಕವರನ್ನೆಲ್ಲ ಬೋರಲಾದ ಹರಿಗೋಲಿನ ಅಂಚಿಗೆ ಹಚ್ಚಿದ. ಅದನ್ನು ನೂಕುತ್ತ ದಂಡೆಯ ಹತ್ತಿರ ತಂದ. ದಂಡೆಯಲ್ಲಿದ್ದವರು ನೀರಿಗಿಳಿದು ಅವರನ್ನು ಎಳೆದುಕೊಂಡರು. ಒಬ್ಬ ಮುದುಕಿ ಮಾತ್ರ ಸೆಳವಿಗೆ ಸಿಕ್ಕು ದೂರ ಹೋಗಿದ್ದಳು. ಹುಲಗಪ್ಪ ತಿರುಗಿ ಈಜಿದ. ಬಹಳ ಹೊತ್ತಿನ ಮೇಲೆ ಮುದುಕಿಯನ್ನು ಎಡಗೈಯಲ್ಲಿ ಹಿಡಿದು ಕೆಳಗಿನ ತಿರುವಿನಲ್ಲಿ ದಂಡೆ ಹತ್ತಿದ. ಮುದುಕಿಗೆ ಎಚ್ಚರವಿರಲಿಲ್ಲ. ಜೀವವಿತ್ತು.

ದ್ಯಾವಪ್ಪ ಬರಲಿಲ್ಲ. ಮರ ಬಡಿದಾಗ ಅವನಿಗೆ ಪೆಟ್ಟಾಗಿತ್ತು ಎಂದು ಕೂತವರಲ್ಲಿ ಕೆಲವರು ಹೇಳಿದರು. ಮರುದಿನ ಕೆಳಗಿನ ಊರಿನ ಮಡುವಿನಲ್ಲಿ ಅವನ ಹೆಣ ಸಿಕ್ಕಿತು. ಆಚೆ ದಂಡೆಗೆ ಒಯ್ದು ಮಣ್ಣು ಮಾಡಿದರು.

ಊರು ಹುಲಗಪ್ಪನನ್ನು ಕೊಂಡಾಡಿತು. ತಮ್ಮನನ್ನು ಕಳೆದುಕೊಂಡ ದುಃಖದಲ್ಲೂ ಅವನಿಗೆ ಗೌರವ ಸಲ್ಲಬೇಕೆಂದು ಹಿರಿಯರು ಗುಡಿಯ ಮುಂದೆ ಕೂರಿಸಿ ಹಾರ ಹಾಕಿದರು. ಮುದುಕಿ ತನ್ನ ಊರಿನಿಂದ ನಡೆದು ಬಂದು ಅವನ ಕಾಲು ಮುಟ್ಟಿ, “ನೀನ ನನ್ನ ದೇವರು” ಎಂದಳು. ಹುಲಗಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಅಳುತ್ತಿದ್ದಾನೆ ಎಂದು ಜನ ತಿಳಿದರು. ಅವನು ಅಳುತ್ತಿರಲಿಲ್ಲ.

ಮನೆಗೆ ಬಂದು, ಯಾರೋ ದಂಡೆಯಿಂದ ತಂದಿಟ್ಟಿದ್ದ ಹರಿಗೋಲಿನ ಹುಟ್ಟನ್ನು ಮೂಲೆಯಲ್ಲಿ ಇಡಲು ಹೋದಾಗ ಅದು ಅವನ ಕೈಯಿಂದ ಬಿತ್ತು. ಎತ್ತಿಕೊಳ್ಳಲು ಹೋದ. ಬಲಗೈ ಬೆರಳು ಮಡಚಲಿಲ್ಲ. ಅಂದಿನಿಂದ ಆ ಬೆರಳುಗಳು ನೆಟ್ಟಗೆ ನಿಂತುಬಿಟ್ಟವು. ಹುಟ್ಟು ಹಿಡಿಯಲಾಗಲಿಲ್ಲ, ರೊಟ್ಟಿ ಮುರಿಯಲಾಗಲಿಲ್ಲ. ಎಣ್ಣೆ ತಿಕ್ಕಿದರು, ಶಾಖ ಕೊಟ್ಟರು, ಹರಕೆ ಹೊತ್ತರು. ಏನೂ ಆಗಲಿಲ್ಲ. ಅವನು ಹೊಳೆಯ ಕಡೆ ಹೋಗುವುದನ್ನು ಬಿಟ್ಟ. ಆಮೇಲೆ ಓಣಿಗೆ ಬರುವುದನ್ನೂ ಬಿಟ್ಟ. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ. ಫಕೀರವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಮುಂದಿಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. ಅವನ ಎದೆಯ ಎಲುಬು ಕಾಣತೊಡಗಿದವು.

ಯಾರಾದರೂ ನೋಡಲು ಬಂದರೆ ಅವನು ಒಂದೊಂದು ಸಲ ತಿರುಗಿ ಕೂತು, “ಆವತ್ತು ನಾನು...” ಎಂದು ಶುರು ಮಾಡುತ್ತಿದ್ದ. ಬಂದವರು ಮುಂದೆ ಹೇಳಲು ಬಿಡುತ್ತಿರಲಿಲ್ಲ. “ಹೊಳಿ ಒಯ್ದದ್ದಕ್ಕ ನೀ ಏನು ಮಾಡ್ತೀಯಪ್ಪಾ? ಅಷ್ಟು ಮಂದೀನ ಉಳಿಸಿದಿ. ಮರತುಬಿಡು” ಎನ್ನುತ್ತಿದ್ದರು. ಅವನು ಮತ್ತೆ ಗೋಡೆಗೆ ತಿರುಗುತ್ತಿದ್ದ.

ಫಕೀರವ್ವನೂ ಅತ್ತಿರಲಿಲ್ಲ. ಗಂಡನ ಹೆಣದ ಮುಂದೆಯೂ ಅಳಲಿಲ್ಲ. ಗಟ್ಟಿ ಹೆಣ್ಣು ಎಂದು ಊರು ಹೊಗಳಿತು. ಅವಳನ್ನು ಕರೆದೊಯ್ಯಲು ತವರಿನಿಂದ ಅಣ್ಣಂದಿರು ಬಂದರು. “ಬಾವನ ಕೈ ಆರಾಮಾಗಲಿ, ಬರ್ತೀನಿ” ಎಂದಳು. “ದೀಪಾವಳಿಗೆ ಮತ್ತ ಬರ್ತೀವಿ. ಆಗ ನಿನ್ನ ಮಾತು ಕೇಳಂಗಿಲ್ಲ” ಎಂದು ಹೇಳಿ ಅವರು ಹೋದರು. ತಾನು ಹೋದರೆ ಬಾವ ಬದುಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಪಕ್ಕದ ಪೇಟೆಯಲ್ಲಿ ಒಬ್ಬ ವೈದ್ಯನಿದ್ದ. ಮೈಗೂ ಮನಸ್ಸಿಗೂ ಮದ್ದು ಮಾಡುತ್ತಾನೆಂದು ಅವನಿಗೆ ಹೆಸರಿತ್ತು. ಚೆನ್ನಾಗಿ ಓದಿದವನು. ಮಾತೂ ಒಳ್ಳೆಯದು. ಅಳುತ್ತ ಬಂದವರು ಅವನ ಮಾತು ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಫಕೀರವ್ವ ಅಲ್ಲಿಗೆ ನಡೆದು ಹೋಗಿ ಅವನನ್ನು ಕರೆತಂದಳು.

ವೈದ್ಯ ಕೈ ಹಿಡಿದು ನೋಡಿದ. ಎಲುಬು ಸರಿಯಿತ್ತು, ನರ ಸರಿಯಿತ್ತು. ಪೆಟ್ಟು ಕೈಗೆ ಬಿದ್ದದ್ದಲ್ಲ ಎಂದು ಅವನಿಗೆ ಅರ್ಥವಾಯಿತು. ಆದರೂ ಮುಟ್ಟಲು ಒಂದು ನೆಪ ಬೇಕೆಂದು ಎಣ್ಣೆ ತಿಕ್ಕತೊಡಗಿದ. ತಿಕ್ಕುತ್ತ ಮಳೆಬೆಳೆಯ ಮಾತಾಡಿದ. ದಿನ ಬಿಟ್ಟು ದಿನ ಬಂದ. ಹುಲಗಪ್ಪ ಅವನಿಗೆ ಒಗ್ಗಿಕೊಂಡ. ಒಂದು ದಿನ ಎಣ್ಣೆಯ ಬಟ್ಟಲನ್ನು ನೋಡುತ್ತ ಬಾಯಿ ಬಿಟ್ಟ.

“ವೈದ್ಯರ, ಆವತ್ತು ನಡುಹೊಳಿಯಾಗ...”

“ನಿನ್ನ ತಪ್ಪು ಏನೂ ಇಲ್ಲ ಹುಲಗಪ್ಪಾ” ಎಂದ ವೈದ್ಯ. ಮೃದುವಾಗಿಯೇ ಹೇಳಿದ, ಮನಸ್ಸಿನಿಂದಲೇ ಹೇಳಿದ.

ಹುಲಗಪ್ಪ ಗೋಡೆಗೆ ತಿರುಗಿದ. ಮುಂದಿನ ಸಲ ಮತ್ತೆ ಅದೇ ಮಾತನ್ನು ಶುರು ಮಾಡಿದ. ವೈದ್ಯ ಮತ್ತೆ ಅದೇ ಮಾತನ್ನು ಹೇಳಿದ. ಇನ್ನೊಂದು ಸಲ ಹಾಗೆಯೇ ಆಯಿತು. ಅದಾದ ಮೇಲೆ ವೈದ್ಯ ಬಂದಾಗ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು.

ಫಕೀರವ್ವ ಅಂಗಳದಲ್ಲಿ ನಿಂತಿದ್ದಳು. “ನಿನ್ನಿಯಿಂದ ಹಾಲೂ ಮುಟ್ಟಿಲ್ಲ” ಎಂದಳು.

ವೈದ್ಯ ಪೇಟೆಯ ದಾರಿ ಹಿಡಿದ. ಮೊದಲು ಅವನಿಗೆ ಸಿಟ್ಟು ಬಂತು. ಇಷ್ಟು ದಿನ ಬಂದೆ, ಇಷ್ಟು ಒಳ್ಳೆಯ ಮಾತು ಹೇಳಿದೆ, ಇವನಿಗೆ ಬದುಕುವ ಮನಸ್ಸೇ ಇಲ್ಲ ಎಂದುಕೊಂಡ. ಸ್ವಲ್ಪ ದೂರ ನಡೆದ ಮೇಲೆ ಆ ಸಿಟ್ಟು ತಣ್ಣಗಾಯಿತು. ಆಗ ಅವನಿಗೆ ಒಂದು ಸಂಗತಿ ನೆನಪಾಯಿತು. ಹುಲಗಪ್ಪ ‘ಆವತ್ತು’ ಎಂದಾಗಲೆಲ್ಲ ತನ್ನ ಎದೆ ಹೊಡೆದುಕೊಂಡಿತ್ತು. ಮುಂದೆ ಬರುವ ಮಾತು ಬೇಡವಾಗಿತ್ತು. ಅದು ಬಾಯಿಂದ ಹೊರಬೀಳುವ ಮೊದಲೇ ಬಾಗಿಲು ಹಾಕಿಬಿಡಬೇಕು ಎನಿಸಿತ್ತು.

ವೈದ್ಯ ದಾರಿಯಲ್ಲೇ ನಿಂತ. ಅವನನ್ನು ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ, ಸಮಾಧಾನ ಬೇಕಾಗಿದ್ದದ್ದು ನನಗೆ ಎಂದು ಅವನಿಗೆ ಹೊಳೆಯಿತು. ನಾಚಿಕೆಯಾಯಿತು. ಆದರೆ ಅವನು ಒಳ್ಳೆಯ ವೈದ್ಯ. ನಾಚಿಕೆಯನ್ನು ಹೊತ್ತು ಮನೆಗೆ ಹೋಗಲಿಲ್ಲ. ತಿರುಗಿ ಬಂದ.

ಬಾಗಿಲು ಇನ್ನೂ ಹಾಕಿತ್ತು. ವೈದ್ಯ ಬಡಿಯಲಿಲ್ಲ. ಹೊಸ್ತಿಲ ಹೊರಗೆ, ಒಳಗಿನವನಿಗೆ ಕೇಳುವಷ್ಟು ಹತ್ತಿರ ಕೂತು ಹೇಳಿದ.

“ಹುಲಗಪ್ಪಾ, ನೀ ಏನೋ ಹೇಳಾಕ ಹೊಂಟಾಗೆಲ್ಲ ನಾ ತಡದೆ. ನಿನ್ನ ಸಲುವಾಗಿ ಅಲ್ಲ, ನನಗ ಕೇಳೋ ಧೈರ್ಯ ಇರಲಿಲ್ಲ. ಇನ್ನ ತಡಿಯಂಗಿಲ್ಲ. ಹೇಳಬೇಕು ಅಂತೇನಿಲ್ಲ. ನಾ ಇಲ್ಲೇ ಕೂತಿರ್ತೀನಿ.”

ಬಾಗಿಲು ತೆರೆಯಲಿಲ್ಲ. ವೈದ್ಯ ಸಂಜೆಯವರೆಗೆ ಕೂತು ಎದ್ದು ಹೋದ. ಮರುದಿನ ಮತ್ತೆ ಬಂದು ಅಲ್ಲಿಯೇ ಕೂತ. ಫಕೀರವ್ವ ಅವನಿಗೆ ಕುಡಿಯಲು ನೀರು ತಂದಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅಗಳಿ ತೆಗೆದ ಸದ್ದಾಯಿತು. ಬಾಗಿಲು ಒಂದಿಷ್ಟು ಸರಿಯಿತು.

ವೈದ್ಯ ಒಳಗೆ ಹೋಗಲಿಲ್ಲ. ಹುಲಗಪ್ಪನೇ ಬಂದು ಹೊಸ್ತಿಲ ಒಳಬದಿಗೆ ಕೂತ. ನಡುವೆ ಹೊಸ್ತಿಲಿತ್ತು. ಆ ದಿನ ಅವನು ಹೇಳಿದ್ದು ಹೊಳೆಯ ಮಾತಲ್ಲ. ತಮ್ಮ ಚಿಕ್ಕವನಿದ್ದಾಗ ಎಷ್ಟು ಹಟಮಾರಿಯಾಗಿದ್ದ, ನೀರೆಂದರೆ ಹೇಗೆ ಹೆದರುತ್ತಿದ್ದ, ಅವನ ಹೊಟ್ಟೆಯ ಕೆಳಗೆ ಕೈ ಕೊಟ್ಟು ಹೇಗೆ ಈಜು ಕಲಿಸಿದೆ ಎಂದು ಹೇಳಿದ. ಹೇಳುತ್ತ ನಡುನಡುವೆ ವೈದ್ಯನ ಮುಖ ನೋಡುತ್ತಿದ್ದ. ವೈದ್ಯ ಕೇಳುತ್ತಿದ್ದ. ಹೀಗೆ ಕೆಲವು ದಿನ ನಡೆಯಿತು. ಹುಲಗಪ್ಪ ಮಾತಿನಲ್ಲಿ ಒಂದೊಂದು ಹೆಜ್ಜೆ ಹೊಳೆಯ ಹತ್ತಿರ ಬರುತ್ತಿದ್ದ. ನಿಲ್ಲುತ್ತಿದ್ದ. ಹಿಂದೆ ಹೋಗುತ್ತಿದ್ದ. ವೈದ್ಯ ನೂಕಲಿಲ್ಲ.

ಕಡೆಗೆ ಒಂದು ದಿನ ಹುಲಗಪ್ಪ ಕೇಳಿದ.

“ನಾ ಹೇಳೋದನ್ನ ಕೇಳಿದ ಮ್ಯಾಲೂ ನನ್ನ ಮನಿಗೆ ಬರ್ತೀರೇನು?”

“ಬರ್ತೀನಿ” ಎಂದ ವೈದ್ಯ.

ಹುಲಗಪ್ಪ ಹೇಳಿದ. ಮುದುಕಿಯನ್ನು ಹಿಡಿದು ತಿರುಗಿದಾಗ ನೀರಿನಿಂದ ತಮ್ಮ ಎದ್ದು ಬಂದಿದ್ದ. ಅವನ ತಲೆಯಿಂದ ರಕ್ತ ಸುರಿಯುತ್ತಿತ್ತು. ಈಜುವುದು ಅವನಿಗೆ ಮರೆತೇ ಹೋಗಿತ್ತು. ಚಿಕ್ಕವನಿದ್ದಾಗ ಹೆದರಿ ಅಪ್ಪಿಕೊಳ್ಳುತ್ತಿದ್ದ ಹಾಗೆಯೇ ಬಂದು ಅಣ್ಣನ ಕುತ್ತಿಗೆಗೆ ಬಿದ್ದ. ಮೂವರೂ ಮುಳುಗಿದರು. ಮತ್ತೆ ಮೇಲೆ ಬಂದರು. ಮತ್ತೆ ಮುಳುಗಿದರು.

“ಕೈ ಜಾರಿ ಹೋತು ಅಂತ ನಾ ಊರಿಗೆ ಹೇಳಿಲ್ಲ, ಊರೂ ಕೇಳಿಲ್ಲ. ಅಂವ ನನಗ ಸಿಗಲೇ ಇಲ್ಲ ಅಂತ ಎಲ್ಲಾರೂ ತಿಳದಾರ. ಸಿಕ್ಕಿದ್ದ ವೈದ್ಯರ. ನನ್ನ ಕುತ್ತಿಗಿಯಾಗ ಇದ್ದ. ನಾನ ಬಿಡಿಸಿಕೊಂಡೆ. ಈ ಕೈಲೆ. ಒಂದೊಂದ ಬಟ್ಟು ಎತ್ತಿ ಬಿಡಿಸಿಕೊಂಡೆ. ಅಣ್ಣಾ ಅಂದ. ಆದರೂ ಬಿಡಿಸಿಕೊಂಡೆ.”

ನೀಲಾಂಬಿಕೆ ಇಷ್ಟು ಹೇಳುವಷ್ಟರಲ್ಲಿ ಸಿದ್ರಾಮ ತಡೆಯಲಾರದೆ ಕೇಳಿದ.

“ಅಮ್ಮಾ, ಆಗಲಾದರೂ ವೈದ್ಯ ಹೇಳಬಾರದಿತ್ತೇ? ಬಿಡಿಸಿಕೊಳ್ಳದಿದ್ದರೆ ಮೂವರೂ ಸಾಯುತ್ತಿದ್ದರು ಎಂದು?”

“ವೈದ್ಯನಿಗೂ ಆ ಮಾತು ಗಂಟಲವರೆಗೆ ಬಂದಿತ್ತು” ಎಂದು ಅವರು ಮುಂದುವರಿಸಿದರು.

ಗಂಟಲವರೆಗೆ ಬಂದದ್ದನ್ನು ವೈದ್ಯ ನುಂಗಿಕೊಂಡ. ಕಣ್ಣ ಮುಂದೆ ಆ ಬೆರಳುಗಳೇ ಕಂಡವು. ಎದ್ದು ಹೋಗಿ ಅಂಗಳದ ಗಾಳಿಯಲ್ಲಿ ನಿಲ್ಲಬೇಕೆನಿಸಿತು. ಎದ್ದೇಳಲಿಲ್ಲ. ಮುಖ ಬೇರೆ ಕಡೆ ತಿರುಗಿಸಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಅದನ್ನೂ ಮುಚ್ಚಿಕೊಳ್ಳಲಿಲ್ಲ.

ಹುಲಗಪ್ಪ ವೈದ್ಯನ ಮುಖವನ್ನೇ ನೋಡುತ್ತಿದ್ದ. ಅಲ್ಲಿ ಅಸಹ್ಯ ಬರುತ್ತದೆಯೇ ಎಂದು ಹುಡುಕಿದ. ಕೊಂಡಾಟ ಬರುತ್ತದೆಯೇ ಎಂದೂ ಹುಡುಕಿದ. ಎರಡೂ ಬರಲಿಲ್ಲ.

“ನಾ ನನ್ನ ತಮ್ಮನ್ನ ಕೊಂದೆನೇನು?” ಎಂದು ಕೇಳಿದ.

“ನೀ ಕೈ ಬಿಡಿಸಿಕೊಂಡಿ. ಅದನ್ನ ಕೇಳಿದೆ” ಎಂದ ವೈದ್ಯ. “ಅದಕ್ಕ ಏನು ಹೆಸರು ಇಡಬೇಕು ಅನ್ನೋದು ನನಗ ಈಗ ತಿಳೀವಲ್ದು. ನಿನಗ ತಿಳಿಯೋ ತನಕ ನಾ ಬರ್ತೀನಿ.”

ಹುಲಗಪ್ಪ ಅಂದು ಅತ್ತ. ಹೊಳೆಯಿಂದ ಬಂದ ಮೇಲೆ ಮೊದಲ ಸಲ ಅತ್ತ. ಆದರೆ ಅವನ ಮನಸ್ಸು ತಿರುಗಿದ್ದು ಆ ದಿನವಲ್ಲ, ಅದರ ಮರುದಿನ. ವೈದ್ಯ ಇನ್ನು ಬರುವುದಿಲ್ಲ ಎಂದು ಅವನು ಗಟ್ಟಿಮಾಡಿಕೊಂಡಿದ್ದ. ಹೇಳಿದ್ದೇ ತಪ್ಪಾಯಿತು ಎಂದು ಬೆಳಗಿನಿಂದ ಒದ್ದಾಡುತ್ತಿದ್ದ. ಅಷ್ಟರಲ್ಲಿ ವೈದ್ಯ ಎಂದಿನ ಹೊತ್ತಿಗೆ ಬಂದು, ಎಂದಿನಂತೆ ಚಪ್ಪಲಿ ಬಿಟ್ಟು, ಎಂದಿನ ಜಾಗದಲ್ಲಿ ಕೂತ. ಹುಲಗಪ್ಪ ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ, “ಒಳಗ ಬರ್ರಿ” ಎಂದ.

ಅಂದು ಅವನು ಹೊಟ್ಟೆತುಂಬ ಉಂಡ.

ಕೈ ಮಾತ್ರ ಹಾಗೆಯೇ ಇತ್ತು. ವೈದ್ಯ ಬಂದುಹೋಗುತ್ತಿದ್ದ. ಹುಲಗಪ್ಪ ಆ ದಿನದ ಮಾತನ್ನು ಮತ್ತೆ ಮತ್ತೆ ಹೇಳಿದ. ಒಂದೊಂದು ಸಲ ಒಂದೊಂದು ಹೊಸ ಸಂಗತಿ ಹೊರಬಂತು. ನೀರು ಎಷ್ಟು ತಣ್ಣಗಿತ್ತು ಎಂಬುದು ನೆನಪಾಯಿತು. ತನಗೂ ಸಾವಿನ ಹೆದರಿಕೆ ಬಂದಿತ್ತು ಎಂಬುದು ನೆನಪಾಯಿತು. ಮುದುಕಿಯನ್ನು ಉಳಿಸಲು ಬಿಡಿಸಿಕೊಂಡೆನೋ, ನಾನು ಉಳಿಯಲು ಬಿಡಿಸಿಕೊಂಡೆನೋ ಗೊತ್ತಿಲ್ಲ ಎಂದು ಒಂದು ದಿನ ಹೇಳಿದ. ವೈದ್ಯ ಅದನ್ನೂ ಕೇಳಿದ.

ಕಡೆಗೆ ಹುಲಗಪ್ಪನೇ ಹೇಳಿದ. “ಇದನ್ನ ಕೇಳಬೇಕಾದಾಕಿ ಇನ್ನೊಬ್ಬಾಕಿ ಅದಾಳ. ಅಕಿ ಮುಂದ ಹೇಳದ ನಾ ಅಕಿ ಕೈಯಾಗಿನ ಅನ್ನ ತಿನ್ನಾಕತ್ತೀನಿ. ಅಕಿ ನನ್ನನ್ನ ಮನಿಯಿಂದ ಹೊರಗ ಹಾಕಲಿ, ಮಾರಿಗೆ ಉಗುಳಲಿ. ಹೇಳ್ತೀನಿ. ನೀವು ಕೂಡ್ರಿ.”

ವೈದ್ಯನಿಗೆ ಅಳುಕಾಯಿತು. ಇದು ಫಕೀರವ್ವನಿಗೆ ಹೇಗೆ ತಾಗುತ್ತದೋ ಎಂದುಕೊಂಡ. ಅವಳನ್ನೇ ಕರೆದು, “ನಿನ್ನ ಬಾವ ಆವತ್ತಿನ ಮಾತು ನಿನ್ನ ಮುಂದ ಹೇಳಬೇಕಂತಾನ. ಕೇಳೋ ಮನಸೈತೇನವ್ವಾ? ಇಲ್ಲಂದ್ರ ಇವತ್ತ ಬ್ಯಾಡ” ಎಂದ.

ಫಕೀರವ್ವ ಒಲೆಯ ಮುಂದಿನಿಂದ ಎದ್ದು ಬಂದು ಕೂತಳು. “ಹೇಳಲಿ” ಎಂದಳು.

ಹುಲಗಪ್ಪ ನೆಲ ನೋಡುತ್ತ ಹೇಳಿದ. ಒಂದನ್ನೂ ಬಿಡಲಿಲ್ಲ. ಬೆರಳು ಬಿಡಿಸಿದ್ದನ್ನು ಹೇಳಿದ. ಅಣ್ಣಾ ಎಂದು ಕರೆದದ್ದನ್ನು ಹೇಳಿದ. ಹೇಳಿ ಮುಗಿಸಿ, ತಲೆ ಬಗ್ಗಿಸಿ ಕೂತ.

ಫಕೀರವ್ವ ಅವನ ಬಲಗೈಯನ್ನು ನೋಡಿದಳು. ಆಮೇಲೆ ಹೇಳಿದಳು.

“ನನಗ ಗೊತ್ತೈತಿ ಬಾವ. ನಾ ದಂಡಿ ಮ್ಯಾಲ ಇದ್ದೆ.”

ಹುಲಗಪ್ಪ ತಲೆ ಎತ್ತಿದ.

“ಎಲ್ಲಾರೂ ನೀರಾಗಿಂದ ಬಂದವರನ್ನ ಎತ್ತಾಕತ್ತಿದ್ರು. ನಾ ನನ್ನ ಗಂಡನ್ನ ಹುಡುಕಾಕತ್ತಿದ್ದೆ. ದಂಡಿಗುಂಟ ಕೆಳಗ ಓಡಿದೆ. ನೀವು ಅವರ ಕೈ ಬಿಡಿಸೋದನ್ನ ಕಂಡೆ.”

“ಮತ್ತ ಯಾಕ ಹೇಳಲಿಲ್ಲವ್ವಾ?”

“ಯಾರ ಮುಂದ ಹೇಳಲಿ? ಊರು ನಿಮಗ ಹಾರ ಹಾಕಿತ್ತು.” ಅವಳ ದನಿ ಏರಿತು. “ದಿನಾ ಬೈದೀನಿ ನಿಮ್ಮನ್ನ, ಮನಸಿನಾಗ. ರೊಟ್ಟಿ ಬಡಿಯೋವಾಗ ಬೈದೀನಿ. ಆ ರೊಟ್ಟಿ ಮುರದು ನಿಮಗ ಉಣಿಸೀನಿ. ಇಂವ ಸಾಯಲಿ ಅಂದೀನಿ. ಇಂವ ಸತ್ರ ನಾ ಯಾರನ್ನ ಕೇಳಲಿ ಅಂತ ವೈದ್ಯರನ್ನ ಕರಕೊಂಡ ಬಂದೀನಿ. ಒಂದ ಮಾತು, ಒಂದ ಮಾತು ನೀವಾಗಿ ಹೇಳ್ರಿ ಅಂತ ಕಾದೀನಿ. ನೀವು ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರಿ!”

ಅವಳು ಎದ್ದು ಬಂದು ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಹುಲಗಪ್ಪ ಕೈ ಅಡ್ಡ ತರಲಿಲ್ಲ. ವೈದ್ಯ ಎದ್ದು ಬಿಡಿಸಲಿಲ್ಲ. ಗುದ್ದಿ ಗುದ್ದಿ ಅವಳ ಕೈ ಸೋತವು. ಅಲ್ಲಿಯೇ ಕುಸಿದು ಕೂತು ಅತ್ತಳು. ಹೆಣದ ಮುಂದೆ ಅಳದಿದ್ದ ಅಳುವನ್ನೆಲ್ಲ ಅತ್ತಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ವೈದ್ಯ ಅವರಿಗೆ ಕೈಸನ್ನೆ ಮಾಡಿ, ಅಳಲು ಬಿಡಿ ಎಂದ.

ಅಳು ಇಳಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹುಲಗಪ್ಪನ ಮುಖ ನೋಡಿದಳು. ಗಂಡ ಸತ್ತ ಮೇಲೆ ಅವಳು ಬಾವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ಇನ್ನೊಂದೂ ಕಂಡೀನಿ” ಎಂದಳು. “ನೀವು ಮುಳುಗಿದ್ರಿ. ಎದ್ರಿ. ಮತ್ತ ಮುಳುಗಿದ್ರಿ. ಅವರು ನಿಮ್ಮ ಕುತ್ತಿಗಿ ಬಿಟ್ಟಿರಲಿಲ್ಲ. ಹಂಗ ಇದ್ದಿದ್ರ ಮೂರೂ ಮಂದಿ ಹೋಗತಿದ್ರಿ. ಅದನ್ನೂ ಇದ ಕಣ್ಣಿಲೆ ಕಂಡೀನಿ. ಬಿಡಿಸಿಕೊಂಡ ಮ್ಯಾಲ ನೀವು ಮತ್ತ ಅವರ ಕಡೆ ಕೈ ಚಾಚಿದ್ರಿ. ಸಿಗಲಿಲ್ಲ.”

“ಚಾಚಿದ್ನೇನು?” ಎಂದ ಹುಲಗಪ್ಪ. ಅದು ಅವನಿಗೆ ನೆನಪೇ ಇರಲಿಲ್ಲ.

“ಚಾಚಿದ್ರಿ. ಈ ಕೈನ.”

ಹುಲಗಪ್ಪ ತನ್ನ ಬಲಗೈಯನ್ನು ಮೊದಲ ಸಲ ನೋಡುವವನಂತೆ ನೋಡಿದ.

ಅವತ್ತೇ ಬೆರಳು ಮಡಚಿದವೆಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಕೆಲವು ದಿನ ಕಳೆದ ಮೇಲೆ ಬೆರಳ ತುದಿಯಲ್ಲಿ ಜೋಮು ಬಿಟ್ಟಂತಾಯಿತು. ಹೆಬ್ಬೆರಳು ಅಲುಗಿತು. ಒಂದೊಂದೇ ಬೆರಳು ತಿರುಗಿ ಬಂತು. ಕಿರುಬೆರಳು ಮಾತ್ರ ಕಡೆಯವರೆಗೂ ಪೂರ್ತಿ ಮಡಚಲಿಲ್ಲ.

ದೀಪಾವಳಿಗೆ ಫಕೀರವ್ವನ ಅಣ್ಣಂದಿರು ಬಂದರು. ಈ ಸಲ ಅವಳು ಹೊರಟಳು. “ಅವ್ವನ ಮಡಿಲಾಗ ಬಿದ್ದು ಅಳೋದೈತಿ” ಎಂದು ಬಾವನಿಗೆ ಹೇಳಿಯೇ ಹೋದಳು. ಹುಲಗಪ್ಪ ಒಬ್ಬನೇ ಉಳಿದ. ಅವಳು ಹೋದರೆ ಅವನು ಸಾಯುತ್ತಾನೆ ಎಂದು ಊರು ಹೆದರಿತ್ತು. ಅವನು ಒಲೆ ಹಚ್ಚಿ ಅಡುಗೆ ಮಾಡಿಕೊಂಡ. ಹೊಳೆಯ ದಂಡೆಗೆ ಹೋಗಿ ಹರಿಗೋಲನ್ನು ಮಗುಚಿ ಹಾಕಿ, ತಳಕ್ಕೆ ಹೊದಿಸಿದ್ದ ಒಣಗಿದ ತೊಗಲು ತೆಗೆದು ಹೊಸದು ಬಿಗಿದ. ಮುದುಕಿಯ ಊರಿಗೆ ನಡೆದು ಹೋಗಿ ಅವಳಿಗೂ ನಡೆದದ್ದನ್ನು ಹೇಳಿದ. ಮುದುಕಿ ಅವನ ತಲೆ ತಡವಿದಳು. ಅದಾದ ಮೇಲೆ ಅವನನ್ನು ದೇವರೆಂದು ಕರೆಯಲಿಲ್ಲ, ತಮ್ಮಾ ಎಂದು ಕರೆದಳು.

ವರ್ಷದ ಎಡೆಗೆ ಫಕೀರವ್ವ ಬಂದಳು. ಹೊಳೆ ಇನ್ನೂ ತುಂಬಿರಲಿಲ್ಲ. ದ್ಯಾವಪ್ಪನಿಗೆ ಎಡೆ ಇಡಬೇಕಾದದ್ದು ಆಚೆ ದಂಡೆಯಲ್ಲಿ. ಅವರ ಮನೆತನದವರನ್ನೆಲ್ಲ ಮಣ್ಣು ಮಾಡುವ ಜಾಗ ಅಲ್ಲಿತ್ತು. ಹಿಡಿತ ಇನ್ನೂ ಬಿಗಿಯಾಗಿರಲಿಲ್ಲವೆಂದು ಹುಲಗಪ್ಪ ಹುಟ್ಟನ್ನು ಅಂಗೈಗೆ ಬಟ್ಟೆಯಿಂದ ಕಟ್ಟಿಕೊಂಡು ಹರಿಗೋಲಿಗೆ ಇಳಿದ. ಫಕೀರವ್ವ ಎಡೆಯ ಬುಟ್ಟಿ ಹಿಡಿದು ಅವನೆದುರು ಕೂತಳು. ನಡುಹೊಳೆಗೆ ಬಂದಾಗ ಅವನು ಹುಟ್ಟು ನಿಲ್ಲಿಸಿದ. ಇಬ್ಬರೂ ನೀರು ನೋಡಿದರು. “ಇಲ್ಲೇ” ಎಂದ ಅವನು. “ಹೂಂ, ಇಲ್ಲೇ” ಎಂದಳು ಅವಳು. ಆಮೇಲೆ ಅವನು ಹುಟ್ಟು ಹಾಕಿದ. ಆಚೆ ದಂಡೆ ಸೇರಿದರು.

ಆ ಮುಂದೆ ಹುಲಗಪ್ಪ ಬಹಳ ವರ್ಷ ಹರಿಗೋಲು ನಡೆಸಿದ. ಎಷ್ಟೋ ಜನರನ್ನು ದಾಟಿಸಿದ. ಹೊಳೆ ತುಂಬಿದ ದಿನ ಮಾತ್ರ ಯಾರು ಎಷ್ಟು ಕೇಳಿಕೊಂಡರೂ ಹರಿಗೋಲು ಬಿಡಲಿಲ್ಲ. ಅಂಥ ದಿನ ತಮ್ಮನ ನೆನಪಾಗಿ ಅಳುತ್ತಿದ್ದ. ಅತ್ತು ಉಣ್ಣುತ್ತಿದ್ದ.

*

ನೀಲಾಂಬಿಕೆ ಕತೆ ಮುಗಿಸಿದರು. ಮೊದಲು ಬಾಯಿ ತೆರೆದವನು ಸಿದ್ರಾಮ. ಅವನ ಮುಖ ಅರಳಿತ್ತು.

“ತಿಳಿಯಿತು ಅಮ್ಮಾ. ಆ ಮಾತು ಸುಳ್ಳಾಗಿರಲಿಲ್ಲ, ನಾನು ಆಡಿದ ಹೊತ್ತು ತಪ್ಪಾಗಿತ್ತು. ಫಕೀರವ್ವ ಕಡೆಯಲ್ಲಿ ಹೇಳಿದ್ದೂ ಅದೇ ಮಾತನ್ನೇ. ಆದರೆ ಎಲ್ಲ ಕೇಳಿದ ಮೇಲೆ ಹೇಳಿದಳು. ನಾನು ನಾಳೆಯೇ ಆ ತಾಯಿಗೆ ಹೇಳಿಕಳಿಸುತ್ತೇನೆ. ತಡೆದದ್ದು ನನ್ನದೇ ತಪ್ಪು ಎನ್ನುತ್ತೇನೆ. ನೀವು ಹೇಳಬೇಕೆಂದಿದ್ದನ್ನು ಹೇಳಿ ಎಂದು ಕೇಳುತ್ತೇನೆ.”

ನೀಲಾಂಬಿಕೆ ಅವನನ್ನು ಪ್ರೀತಿಯಿಂದ ನೋಡಿದರು.

“ಕೇಳು ಸಿದ್ರಾಮ, ಆಕೆ ಹೇಳತೊಡಗಿದಾಗ ನೀನು ಎಲ್ಲಿರುತ್ತೀಯೆ? ಆಕೆಯ ಜೊತೆ ಆ ಚಿಲಕದ ಮುಂದೆಯೋ, ಆಮೇಲೆ ಆಡಬೇಕೆಂದು ಇಟ್ಟುಕೊಂಡ ನಿನ್ನ ಮಾತಿನ ಹತ್ತಿರವೋ?”